ಒಮ್ಮೆ ತೋಡಿದ ಬಾವಿ, ವರ್ಷವರ್ಷವೂ ತೆಗೆಯಬೇಕಾದ ಹೂಳು

ಪಾಸ್ಖ ಜಾಗರಣೆಯ ರಾತ್ರಿ ನಾವು ಹೊಸ ಬೆಂಕಿ ಹೊತ್ತಿಸುತ್ತೇವೆ. ಪಾಸ್ಖ ಮೇಣದಬತ್ತಿಯ ಹಿಂದೆ ಕತ್ತಲೆಯ ದೇವಾಲಯವನ್ನು ಪ್ರವೇಶಿಸುತ್ತೇವೆ. ಇಸ್ರಯೇಲರು ಕೆಂಪು ಸಮುದ್ರವನ್ನು ದಾಟಿದ ವೃತ್ತಾಂತವನ್ನು ಕೇಳುತ್ತೇವೆ. ಅನಂತರ ಗುರುಗಳು ನೀರನ್ನು ಆಶೀರ್ವದಿಸುತ್ತಾರೆ, ನಮ್ಮನ್ನು ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ. ಕೈಯಲ್ಲಿ ಉರಿಯುವ ಮೊಂಬತ್ತಿ ಹಿಡಿದು ನಾವು ಒಂದೇ ದನಿಯಲ್ಲಿ ಉತ್ತರಿಸುತ್ತೇವೆ. ಪಾಪವನ್ನು ತ್ಯಜಿಸುತ್ತೇವೆ, ಪಿತ, ಸುತ, ಪವಿತ್ರಾತ್ಮರನ್ನು ವಿಶ್ವಾಸಿಸುತ್ತೇವೆ ಎನ್ನುತ್ತೇವೆ. ಆ ನೀರನ್ನು ನಮ್ಮ ಮೇಲೆ ಸಿಂಪಡಿಸಿದಾಗ ಶಿಲುಬೆಯ ಗುರುತು ಹಾಕಿಕೊಳ್ಳುತ್ತೇವೆ.

ಎಷ್ಟೋ ವರ್ಷಗಳಿಂದ ಮಾಡುತ್ತಾ ಬಂದಿರುವುದರಿಂದ ಇದರ ಅರ್ಥವೇನೆಂದು ಕೇಳಿಕೊಳ್ಳುವುದೇ ನಮಗೆ ಮರೆತುಹೋಗಿದೆ. ಶತಮಾನಗಳ ಕಾಲ ಪಾಸ್ಖ ಜಾಗರಣೆಯ ವಿಧಿ ಶನಿವಾರ ಬೆಳಿಗ್ಗೆಯೇ ನಡೆದುಹೋಗುತ್ತಿತ್ತು. ಅದನ್ನು ಮತ್ತೆ ರಾತ್ರಿಗೆ ತಂದವರು ಪೋಪ್ ಹನ್ನೆರಡನೇ ಪಿಯುಸ್, 1951ರಲ್ಲಿ. ನೆರೆದ ವಿಶ್ವಾಸಿಗಳೆಲ್ಲರೂ ತಮ್ಮ ಸ್ನಾನದೀಕ್ಷೆಯ ವಾಗ್ದಾನಗಳನ್ನು ನವೀಕರಿಸುವ ಕ್ರಮವೂ ಆಗಲೇ ಸೇರಿಕೊಂಡಿತು. ಸ್ನಾನದೀಕ್ಷೆ ಜೀವನದಲ್ಲಿ ಒಂದೇ ಬಾರಿ. ಅದನ್ನು ಮರಳಿ ಪಡೆಯುವಂತಿಲ್ಲ. ಹಾಗಿದ್ದರೆ ವಾಗ್ದಾನವನ್ನು ಮಾತ್ರ ಏಕೆ ಪ್ರತಿ ವರ್ಷ ನವೀಕರಿಸಬೇಕು? ಈ ಪ್ರಶ್ನೆಗೆ ಉತ್ತರವನ್ನು ಈ ಬಾರಿ ನಮ್ಮ ವಿಜಯಪುರದ ನೆಲದಲ್ಲಿಯೇ ಹುಡುಕೋಣ.

ನಿಕೊದೇಮನ ಪ್ರಶ್ನೆ

ಮೊದಲು ಶುಭಸಂದೇಶದ ಕಡೆ ತಿರುಗೋಣ. ಸಂತ ಯೊವಾನ್ನರ ಮೂರನೆಯ ಅಧ್ಯಾಯದಲ್ಲಿ ನಿಕೊದೇಮನು ರಾತ್ರಿಯ ಹೊತ್ತು ಯೇಸುಸ್ವಾಮಿಯ ಬಳಿಗೆ ಬರುತ್ತಾನೆ. ಆತ ಸಾಮಾನ್ಯನಲ್ಲ. ಫರಿಸಾಯ, ಯೆಹೂದ್ಯರ ಮುಖಂಡ, ಧರ್ಮಶಾಸ್ತ್ರ ಬಲ್ಲವ. ಹುಟ್ಟಿನಿಂದ ಬರಬಹುದಾದ ಗೌರವವೆಲ್ಲ ಆತನಿಗೆ ಬಂದಿತ್ತು: ಅಬ್ರಹಾಮನ ಸಂತತಿ, ಒಳ್ಳೆಯ ಮನೆತನ, ಸಮಾಜದಲ್ಲಿ ಸ್ಥಾನ. ಅಂಥವನಿಗೆ ಸ್ವಾಮಿ ಹೇಳಿದ್ದು, ಹೊಸದಾಗಿ ಹುಟ್ಟದೆ ಯಾರೂ ದೇವರ ಸಾಮ್ರಾಜ್ಯವನ್ನು ಕಾಣಲಾರರು ಎಂದು. ಮುದುಕನಾದವನು ತಾಯಿಯ ಗರ್ಭಕ್ಕೆ ಮತ್ತೆ ಹೋಗುವುದು ಹೇಗೆ ಎಂದು ನಿಕೊದೇಮ ಕೇಳುತ್ತಾನೆ. ಆಗ ಸ್ವಾಮಿ ನೀರನ್ನೂ ಪವಿತ್ರಾತ್ಮರನ್ನೂ ಕುರಿತು ಮಾತನಾಡುತ್ತಾರೆ.

ಶುಭಸಂದೇಶದ ಮೂಲ ಗ್ರೀಕ್ ಭಾಷೆಯಲ್ಲಿ ಇಲ್ಲಿ ಬರುವ ಪದಕ್ಕೆ ಎರಡು ಅರ್ಥಗಳಿವೆ: 'ಮತ್ತೆ' ಮತ್ತು 'ಮೇಲಿನಿಂದ'. ನಿಕೊದೇಮನಿಗೆ ಕೇಳಿಸಿದ್ದು 'ಮತ್ತೆ' ಎಂಬುದು ಮಾತ್ರ. ಆದುದರಿಂದಲೇ ಆತ ತಾಯಿಯ ಗರ್ಭದ ಮಾತೆತ್ತಿದ. ಸ್ವಾಮಿ ಹೇಳುತ್ತಿದ್ದುದು ಮೇಲಿನಿಂದ ಬರುವ ಹುಟ್ಟಿನ ವಿಷಯ. ಮೊದಲ ಹುಟ್ಟು ನಮಗೆ ಕುಲ, ಭಾಷೆ, ಊರು, ಅಡ್ಡಹೆಸರುಗಳನ್ನು ಕೊಡುತ್ತದೆ. ಎರಡನೆಯ ಹುಟ್ಟು ನಮಗೆ ಒಬ್ಬ ತಂದೆಯನ್ನು ಕೊಡುತ್ತದೆ. ಆ ತಂದೆ ಎಲ್ಲರಿಗೂ ಒಬ್ಬರೇ ಆಗಿರುವುದರಿಂದ, ಆ ಹುಟ್ಟಿನಲ್ಲಿ ಮೇಲು ಕೀಳು ಎಂಬುದಕ್ಕೆ ಎಡೆಯೇ ಇಲ್ಲ. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಇದನ್ನೇ ಬಿಡಿಸಿ ಹೇಳಿದರು. ಸ್ನಾನದೀಕ್ಷೆ ಪಡೆದವರು ಕ್ರಿಸ್ತರನ್ನೇ ಧರಿಸಿಕೊಂಡಿರುವುದರಿಂದ ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ, ಗಂಡು-ಹೆಣ್ಣು ಎಂಬ ಭೇದಗಳು ಅವರ ನಡುವೆ ನಿಲ್ಲಲಾರವು ಎಂದರು.

ಆದಿ ಧರ್ಮಸಭೆ ಈ ಮಾತನ್ನು ಅಕ್ಷರಶಃ ನಂಬಿತ್ತು. ಮಹಾಪಂಡಿತರಾಗಿದ್ದ ಸಂತ ಆಗಸ್ಟೀನರು 387ರ ಪಾಸ್ಖ ರಾತ್ರಿ ಮಿಲಾನ್ ನಗರದಲ್ಲಿ ಸಂತ ಆಂಬ್ರೋಸರ ಕೈಯಿಂದ ಸ್ನಾನದೀಕ್ಷೆ ಪಡೆದರು. ಅವರ ಮಗ ಅದೆಯೊದಾತುಸ್ ಕೂಡ ಅದೇ ರಾತ್ರಿ ಅದೇ ನೀರಿಗೆ ಇಳಿದ. ಲೋಕದ ಲೆಕ್ಕದಲ್ಲಿ ಅವರು ಅಪ್ಪ ಮತ್ತು ಮಗ. ನೀರಿನಿಂದ ಮೇಲೆ ಬಂದಾಗ ಇಬ್ಬರೂ ಒಂದೇ ದಿನ ಹುಟ್ಟಿದ ಮಕ್ಕಳು! ಹೊಸದಾಗಿ ಸ್ನಾನದೀಕ್ಷೆ ಪಡೆದವರಿಗೆ ಎಷ್ಟೇ ವಯಸ್ಸಾಗಿದ್ದರೂ ಆ ಕಾಲದಲ್ಲಿ ಅವರನ್ನು 'ಹಸುಗೂಸುಗಳು' ಎಂದೇ ಕರೆಯುತ್ತಿದ್ದರು. ಅವರು ಎಂಟು ದಿನ ಬಿಳಿಯ ವಸ್ತ್ರ ಧರಿಸುತ್ತಿದ್ದರು. ಶ್ರೀಮಂತನಿಗೂ ಗುಲಾಮನಿಗೂ ಅದೇ ಬಿಳಿ. ಆ ಸ್ನಾನದ ಕೊಳದ ಎಂಟು ಮೂಲೆಯ ಅವಶೇಷ ಇಂದಿಗೂ ಮಿಲಾನಿನ ಪ್ರಧಾನಾಲಯದ ಅಡಿಯಲ್ಲಿದೆ. ಏಳು ದಿನಗಳ ಸೃಷ್ಟಿಯ ನಂತರದ ಎಂಟನೆಯ ದಿನ, ಅಂದರೆ ಪುನರುತ್ಥಾನದ ದಿನ, ಹೊಸ ಸೃಷ್ಟಿಯ ಆರಂಭ ಎಂಬುದು ಆ ಎಂಟು ಮೂಲೆಗಳ ಅರ್ಥ.

ಆ ಕೊಳಕ್ಕೆ ಜನ ಮೆಟ್ಟಿಲಿಳಿದು ಹೋಗುತ್ತಿದ್ದರು. ಇಳಿಯುವುದು ಕ್ರಿಸ್ತರೊಡನೆ ಸಮಾಧಿಯಾಗುವುದರ ಗುರುತು, ಏರಿ ಬರುವುದು ಅವರೊಡನೆ ಜೀವಂತರಾಗುವುದರ ಗುರುತು ಎಂಬ ಬೋಧನೆಯನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಮೆಟ್ಟಿಲಿಳಿದು ನೀರಿಗೆ ಹೋಗುವುದೆಂದರೇನು ಎಂಬುದನ್ನು ವಿಜಯಪುರದವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಬಾವಡಿಗಳ ನಗರ

ನಮ್ಮ ನಗರದ ಹೆಸರು ಹೇಳಿದೊಡನೆ ಎಲ್ಲರ ಕಣ್ಣಿಗೆ ಬರುವುದು 1656ರಲ್ಲಿ ಮುಗಿದ ಗೋಳಗುಮ್ಮಟ. ಆದರೆ ಈ ನಗರವನ್ನು ಬದುಕಿಸಿದ್ದು ಗುಮ್ಮಟಗಳಲ್ಲ, ಬಾವಡಿಗಳು. ಒಂದನೇ ಅಲಿ ಆದಿಲ್ ಶಾಹನ ಕಾಲದ ಚಾಂದ್ ಬಾವಡಿ 1579ರದು. ಎರಡನೇ ಇಬ್ರಾಹಿಂನ ಕಾಲದ ತಾಜ್ ಬಾವಡಿ 1620ರದು. ಬೇಗಂ ತಲಾಬ 1651ರದು. ಟಿಕೋಟಾ ಕಡೆಗೆ ಹೋಗುವ ದಾರಿಯಲ್ಲಿರುವ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನಗರಕ್ಕೆ ನೀರು ತಂದಿದ್ದರು. ಕರಿಯ ಮಣ್ಣು, ಅದರಡಿಯಲ್ಲಿ ಗಟ್ಟಿ ಕಲ್ಲು, ಮೇಲೆ ಉರಿಬಿಸಿಲು. ಇಂತಹ ನೆಲದಲ್ಲಿ ನೀರು ಎಂದರೆ ಜೀವ ಎಂಬುದು ಬರಿಯ ಗಾದೆಯಲ್ಲ.

ಟಿಕೋಟಾ ಮತ್ತು ಬಬಲೇಶ್ವರದ ಹಳ್ಳಿಗಳವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಈ ಎರಡೂ ಊರುಗಳು 2018ರಲ್ಲಿ ಹೊಸ ತಾಲ್ಲೂಕು ಕೇಂದ್ರಗಳಾದವು. ಅದಕ್ಕೂ ಮುಂಚೆ ಈ ಭಾಗಕ್ಕೆ ಇದ್ದ ಹೆಸರು ಬರದ ಹೆಸರು. 2001ರಿಂದ 2004ರವರೆಗೆ ನಾಡನ್ನು ಕಾಡಿದ ಬರವನ್ನು ನಮ್ಮ ಹಿರಿಯರು ಮರೆತಿಲ್ಲ. ದ್ರಾಕ್ಷಿ ಬಳ್ಳಿಗಳನ್ನು ಉಳಿಸಿಕೊಳ್ಳಲು ಟ್ಯಾಂಕರ್‌ಗಳಲ್ಲಿ ನೀರು ತಂದು ಹನಿ ಹನಿಯಾಗಿ ಉಣಿಸಿದ ರೈತರು ಇಲ್ಲಿದ್ದಾರೆ. ಬಬಲೇಶ್ವರದ ಕಡೆ ಹೋಗುವಾಗ ನಾವು ಡೋಣಿ ನದಿಯನ್ನು ದಾಟುತ್ತೇವೆ. ಡೋಣಿ ಹರಿದರೆ ಜೋಳಕ್ಕೆ ಬರವಿಲ್ಲವೆಂದು ಜನ ಹೇಳುತ್ತಾರೆ. ಆದರೆ ಅದರ ನೀರು ಉಪ್ಪು, ಕುಡಿಯಲು ಬಾರದು. ತುಬಚಿ-ಬಬಲೇಶ್ವರ ಏತ ನೀರಾವರಿಯಂತಹ ಯೋಜನೆಗಳಿಂದ ಕೃಷ್ಣೆಯ ನೀರು ಈ ಕಡೆ ಏರಿ ಬಂದ ಮೇಲೆ ಒಣಗಿದ ಕೆರೆಗಳಲ್ಲಿ ನೀರು ನಿಂತಿದೆ. ಬಹುಕಾಲ ಒಣಗಿದ್ದ ಕೆರೆ ತುಂಬಿದಾಗ ಊರಿನ ಮುಖವೇ ಬದಲಾಗುವುದನ್ನು ಕಂಡವರಿಗೆ ಹೊಸ ಹುಟ್ಟು ಎಂಬ ಮಾತು ಕಷ್ಟವಲ್ಲ.

ಈಗ ಬಾವಡಿಗಳಿಗೆ ಮರಳೋಣ. ಇಷ್ಟು ಶ್ರಮದಿಂದ ತೋಡಿದ ಆ ಬಾವಡಿಗಳು ಏನಾದವು? ಕಲ್ಲು ಕುಸಿಯಲಿಲ್ಲ. ಸೆಲೆಗಳೂ ಪೂರ್ತಿಯಾಗಿ ಸಾಯಲಿಲ್ಲ. ಆದರೆ ನಲ್ಲಿ ಬಂದ ಮೇಲೆ ಜನ ಅವುಗಳ ಕಡೆ ನೋಡುವುದನ್ನು ಬಿಟ್ಟರು. ಕಸ ಬಿತ್ತು, ವಿಸರ್ಜಿಸಿದ ಮೂರ್ತಿಗಳ ಮಣ್ಣು ಬಿತ್ತು, ಹೂಳು ತುಂಬಿತು, ನೀರು ಹಸಿರಾಗಿ ನಾರತೊಡಗಿತು. 2017ರ ಸುಮಾರಿಗೆ ತಾಜ್ ಬಾವಡಿಯನ್ನೂ ನಗರದ ಇನ್ನೂ ಹಲವು ಹಳೆಯ ಬಾವಡಿಗಳನ್ನೂ ಸ್ವಚ್ಛಗೊಳಿಸಿ ಹೂಳು ತೆಗೆದಾಗ, ಅಡಿಯಿಂದ ಮತ್ತೆ ತಿಳಿನೀರು ಬಂತು. ಯಾರೂ ಹೊಸ ಬಾವಿ ತೋಡಬೇಕಾಗಲಿಲ್ಲ. ಇದ್ದ ಬಾವಿಯ ಹೂಳು ತೆಗೆದರೆ ಸಾಕಾಯಿತು.

ಪ್ರಿಯರೇ, ನಮ್ಮ ಸ್ನಾನದೀಕ್ಷೆಯೂ ಹೀಗೆಯೇ. ಬಾವಿಯನ್ನು ತೋಡುವುದು ಒಂದೇ ಸಲ. ಅದನ್ನು ತೋಡಿದವರು ದೇವರು. ಅದರ ಸೆಲೆ ಕ್ರಿಸ್ತರ ಮರಣ ಪುನರುತ್ಥಾನಗಳು, ಅದು ಬತ್ತುವುದಿಲ್ಲ. ಆದರೆ ಹೂಳು ತುಂಬುತ್ತದೆ, ಅದನ್ನು ತೆಗೆಯುವ ಕೆಲಸ ನಮ್ಮದು. ಹಾಗಾದರೆ ಆ ಹೂಳು ಯಾವುದು? ನಾವು ಮಾಡುವ ಪಾಪಗಳೆಲ್ಲವೂ ಹೂಳೇ. ಅವುಗಳಲ್ಲಿ ಒಂದು ಮಾತ್ರ ನಮ್ಮ ಕಣ್ಣಿಗೆ ಪಾಪವೆಂದು ಕಾಣಿಸುವುದೇ ಇಲ್ಲ. ಅದು ಮೊದಲ ಹುಟ್ಟಿನ ಹೆಮ್ಮೆ. ಇತಿಹಾಸ ಅದನ್ನು ನಮಗೆ ತೋರಿಸಿಕೊಡುತ್ತದೆ.

ಈ ನೆಲ ಮೊದಲೇ ಕೇಳಿದ್ದ ಪ್ರಶ್ನೆ

ಎರಡು ಬಾರಿ ಹುಟ್ಟುವ ಮಾತು ನಮ್ಮ ದೇಶಕ್ಕೆ ಹೊಸದಲ್ಲ. 'ದ್ವಿಜ' ಎಂದರೆ ಎರಡು ಸಲ ಹುಟ್ಟಿದವನು ಎಂದರ್ಥ. ಉಪನಯನ ಆ ಎರಡನೆಯ ಹುಟ್ಟಿನ ಸಂಸ್ಕಾರ. ಆದರೆ ಅದು ಎಲ್ಲರಿಗೂ ಇರಲಿಲ್ಲ. ಮೊದಲ ಹುಟ್ಟು ಯಾವ ಮನೆಯಲ್ಲಿ ಆಯಿತೆಂಬುದೇ ಎರಡನೆಯದು ಸಿಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತಿತ್ತು.

ಹನ್ನೆರಡನೆಯ ಶತಮಾನದಲ್ಲಿ ಇದನ್ನು ಪ್ರಶ್ನಿಸಿದ ಬಸವಣ್ಣನವರು ನಮ್ಮ ಜಿಲ್ಲೆಯ ಬಾಗೇವಾಡಿಯವರು. ಅವರು ಉಪನಯನವನ್ನು ಒಲ್ಲೆನೆಂದು ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದರೆಂದು ಪರಂಪರೆ ಹೇಳುತ್ತದೆ. ಶರಣರ ದೀಕ್ಷೆ ಗಂಡಿಗೂ ಹೆಣ್ಣಿಗೂ, ಬ್ರಾಹ್ಮಣನಿಗೂ ಸಮಗಾರನಿಗೂ ಒಂದೇ ಆಯಿತು. ದೀಕ್ಷೆಯಾದ ಮೇಲೆ ಹಿಂದಿನ ಕುಲವನ್ನು ಕೇಳಬಾರದು ಎಂಬುದು ಅವರ ನಿಲುವು. ಆ ನಿಲುವಿಗೆ ನಿಜವಾದ ಪರೀಕ್ಷೆ ಬಂದದ್ದು ಮದುವೆಯಲ್ಲಿ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ನಡೆದ ವಿವಾಹಕ್ಕಾಗಿ ಕಲ್ಯಾಣದಲ್ಲಿ ರಕ್ತ ಹರಿಯಿತೆಂದು ಆ ಪರಂಪರೆ ನೆನೆಯುತ್ತದೆ.

ಶರಣರ ದೀಕ್ಷೆಯೂ ನಮ್ಮ ಸ್ನಾನದೀಕ್ಷೆಯೂ ಒಂದೇ ಎಂದು ನಾವು ಹೇಳುತ್ತಿಲ್ಲ. ನಮಗೆ ಹೊಸ ಹುಟ್ಟು ಬರುವುದು ಕ್ರಿಸ್ತರ ಮರಣ ಮತ್ತು ಪುನರುತ್ಥಾನದಿಂದ. ಆದರೆ ಹೊಸ ಹುಟ್ಟನ್ನು ಪಡೆದ ಮೇಲೂ ಹಳೆಯ ಹುಟ್ಟನ್ನು ಕೇಳುತ್ತಾ ಕೂರುವುದು ಸರಿಯೇ ಎಂಬ ಪ್ರಶ್ನೆಯನ್ನು ಈ ನೆಲ ಎಂಟುನೂರು ವರ್ಷಗಳ ಹಿಂದೆಯೇ ಕೇಳಿತ್ತು. ಅದೇ ಪ್ರಶ್ನೆ ಧರ್ಮಸಭೆಯ ಬಾಗಿಲಿಗೂ ಬಂತು. ಅದೂ ಬಿಜಾಪುರದ ಹೆಸರಿನೊಡನೆಯೇ ಬಂತು.

ಬಿಜಾಪುರ ರಾಜ್ಯದ ಧರ್ಮಾಧ್ಯಕ್ಷ

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಗೆದ್ದುಕೊಂಡದ್ದು ಬಿಜಾಪುರದ ಆದಿಲ್ ಶಾಹಿಗಳಿಂದ. ಅಂದಿನಿಂದ ಈ ಎರಡು ರಾಜ್ಯಗಳ ನಡುವೆ ಯುದ್ಧವೂ ಇತ್ತು, ಮಾತುಕತೆಯೂ ಇತ್ತು. ಗೋವೆಯಲ್ಲಿ ಅನೇಕರು ಕ್ರೈಸ್ತರಾದರು. ಪ್ರೀತಿಯಿಂದ ಬಂದವರಿದ್ದರು, ಒತ್ತಡಕ್ಕೆ ಸಿಲುಕಿ ಬಂದವರೂ ಇದ್ದರು. ಇದನ್ನು ಮುಚ್ಚಿಡುವುದು ಸತ್ಯಕ್ಕೆ ಒಪ್ಪುವುದಿಲ್ಲ. ಬಲವಂತದಿಂದ ಯಾರೂ ಹೊಸದಾಗಿ ಹುಟ್ಟಲಾರರು. ವಿಶ್ವಾಸಕ್ಕೆ ಬರುವಂತೆ ಯಾರನ್ನೂ ಒತ್ತಾಯಿಸಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಸಾರಿತು.

ಗೋವೆಯ ಡಿವಾರ್ ದ್ವೀಪದಲ್ಲಿ, ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬವೊಂದರಲ್ಲಿ, ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಮತೇಯುಸ್ ಡಿ ಕಾಸ್ತ್ರೊ ಹುಟ್ಟಿದರು. ಅವರಿಗೆ ಗುರುವಾಗುವ ಆಸೆಯಿತ್ತು. ಆದರೆ ಗೋವೆಯ ಅಂದಿನ ಮಹಾಧರ್ಮಾಧ್ಯಕ್ಷರು ಈ ದೇಶದವರಿಗೆ ಗುರುದೀಕ್ಷೆ ಕೊಡಲು ಒಪ್ಪಲಿಲ್ಲ. ಮತೇಯುಸರು ಸುಮ್ಮನೆ ಕೂರಲಿಲ್ಲ. ಭೂಮಾರ್ಗವಾಗಿ ಹೊರಟು 1625ರಲ್ಲಿ ರೋಮ್ ನಗರವನ್ನು ತಲುಪಿದರು. ಹೊರನಾಡುಗಳಲ್ಲಿ ವಿಶ್ವಾಸ ಪ್ರಸಾರದ ಹೊಣೆ ಹೊತ್ತ ಆಯೋಗವೊಂದು ಅಲ್ಲಿ 1622ರಲ್ಲಷ್ಟೇ ಸ್ಥಾಪನೆಯಾಗಿತ್ತು. ಆಯಾ ದೇಶದವರೇ ಅಲ್ಲಿನ ಗುರುಗಳಾಗಬೇಕು ಎಂಬುದು ಆ ಆಯೋಗದ ಬಯಕೆ. ಅದರ ಆಶ್ರಯದಲ್ಲಿ ಮತೇಯುಸರು ಓದಿ 1630ರಲ್ಲಿ ಗುರುಗಳಾದರು. 1637ರಲ್ಲಿ ಧರ್ಮಾಧ್ಯಕ್ಷರಾದರು. ಲ್ಯಾಟಿನ್ ವಿಧಿಯಲ್ಲಿ ಧರ್ಮಾಧ್ಯಕ್ಷ ಪದವಿಗೇರಿದ ಮೊದಲ ಭಾರತೀಯರು ಅವರೇ.

ಅವರಿಗೆ ಒಪ್ಪಿಸಿದ ಕ್ಷೇತ್ರ ಯಾವುದು? ರೋಮಿನ ದಾಖಲೆಗಳಲ್ಲಿ ಅದರ ಹೆಸರು 'ಇದಲ್ಕನ್'. 'ಆದಿಲ್ ಖಾನ್' ಎಂಬ ಹೆಸರು ಪೋರ್ಚುಗೀಸರ ನಾಲಿಗೆಯಲ್ಲಿ ಹಾಗಾಗಿತ್ತು. ಅಂದರೆ ನಮ್ಮ ಬಿಜಾಪುರ ರಾಜ್ಯ! ಮಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ, ಗೋಳಗುಮ್ಮಟ ಏಳುತ್ತಿದ್ದ ಕಾಲದಲ್ಲಿ, ಈ ರಾಜ್ಯಕ್ಕೆ ಪ್ರೇಷಿತ ಪ್ರತಿನಿಧಿಯಾಗಿ ಒಬ್ಬ ಭಾರತೀಯ ಧರ್ಮಾಧ್ಯಕ್ಷರು ನೇಮಕವಾಗಿದ್ದರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕಾಲಾಂತರದಲ್ಲಿ ಆ ಕ್ಷೇತ್ರ ಬೆಳೆದು ಬದಲಾಗಿ, ಇಂದಿನ ಮುಂಬಯಿ ಮಹಾಧರ್ಮಕ್ಷೇತ್ರದ ಇತಿಹಾಸದ ಮೊದಲ ಪುಟವಾಯಿತು.

ಮತೇಯುಸರ ಹಾದಿ ಸುಗಮವಾಗಿರಲಿಲ್ಲ. ಪೋರ್ಚುಗೀಸ್ ಅಧಿಕಾರಿಗಳು ಅವರ ಅಧಿಕಾರವನ್ನು ಒಪ್ಪಲಿಲ್ಲ. ಗೋವೆಯ ಗಡಿಯಾಚೆ, ಆಗ ಬಿಜಾಪುರದ ಆಳ್ವಿಕೆಯಲ್ಲಿದ್ದ ಬಿಚೋಲಿಯಲ್ಲಿ ಅವರು ನೆಲೆ ನಿಂತರು. ಈ ದೇಶದ ತರುಣರಿಗೆ ಗುರುದೀಕ್ಷೆ ಕೊಟ್ಟರು. ಕ್ರೈಸ್ತ ಅರಸನ ಅಧಿಕಾರಿಗಳು ಒಪ್ಪದ ಧರ್ಮಾಧ್ಯಕ್ಷನಿಗೆ ಮುಸಲ್ಮಾನ ಸುಲ್ತಾನನ ನೆಲದಲ್ಲಿ ಜಾಗ ಸಿಕ್ಕಿತು. ಸ್ನಾನದೀಕ್ಷೆ ಕೊಟ್ಟವರೇ ಆ ಸ್ನಾನದೀಕ್ಷೆಯ ಅರ್ಥವನ್ನು ಮರೆತಿದ್ದರು. ನೀನೂ ದೇವರ ಮಗನೇ ಎಂದು ನೀರು ಸುರಿದವರು, ಪೀಠದ ಬಳಿಗೆ ಬಂದಾಗ ನಿನ್ನ ಚರ್ಮದ ಬಣ್ಣವೇನು, ನೀನು ಯಾವ ದೇಶದವನು ಎಂದು ಕೇಳಿದರು. ಬಾವಿಯಲ್ಲಿ ಹೂಳು ತುಂಬುವುದೆಂದರೆ ಇದೇ.

ಆದರೆ ಕಥೆ ಇಲ್ಲಿಗೆ ಮುಗಿದರೆ ನಮಗೆ ಸುಲಭವಾಗಿಬಿಡುತ್ತಿತ್ತು. ತಪ್ಪೆಲ್ಲ ಪರಂಗಿಯವರದು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಮತೇಯುಸರು 1653ರಲ್ಲಿ ಬರೆದ ಒಂದು ಗ್ರಂಥಕ್ಕೆ 'ಬ್ರಾಹ್ಮಣರ ಕನ್ನಡಿ' ಎಂಬ ಅರ್ಥದ ಹೆಸರಿದೆ. ಗೋವೆಯ ಬ್ರಾಹ್ಮಣ ಮೂಲದ ಕ್ರೈಸ್ತರನ್ನು ಉದ್ದೇಶಿಸಿ, ಅವರಿಗೆ ಆಗುತ್ತಿದ್ದ ಅನ್ಯಾಯವನ್ನು ಎತ್ತಿ ಹೇಳುವ ಬರಹ ಅದು. ನ್ಯಾಯಕ್ಕಾಗಿ ಹೋರಾಡುವಾಗಲೂ ಅವರು ಕರೆದದ್ದು ಮೊದಲ ಹುಟ್ಟಿನ ಹೆಸರು ಹಿಡಿದು! ಜನಾಂಗದ ಹೆಮ್ಮೆಯಿಂದ ನೊಂದ ಆ ಮಹನೀಯರು ಜಾತಿಯ ಹೆಮ್ಮೆಗೆ ಒರಗಿಕೊಂಡರು. ಅವರ ಧೈರ್ಯಕ್ಕೆ ನಾವು ತಲೆಬಾಗಬೇಕು. ಅವರ ಬಾವಿಯಲ್ಲೂ ಹೂಳಿತ್ತು ಎಂಬುದನ್ನೂ ನೋಡಬೇಕು. ಅನ್ಯಾಯಕ್ಕೆ ಗುರಿಯಾದವರ ಮನಸ್ಸಿನಲ್ಲಿಯೂ ಇಂತಹ ಹೂಳು ನಿಲ್ಲಬಲ್ಲದು. ಕೊನೆಗೆ ಅವರು ರೋಮ್ ನಗರಕ್ಕೆ ಮರಳಿ ಅಲ್ಲಿಯೇ ತೀರಿಕೊಂಡರು.

ಇತ್ತ ಆದಿಲ್ ಶಾಹಿ ರಾಜ್ಯದ ಒಳನಾಡಿನಲ್ಲಿ, ಇಂದಿನ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ, ಕನ್ನಡ ಮಾತನಾಡುವ ಕಥೋಲಿಕ ಸಮುದಾಯವೊಂದು ಬೇರು ಬಿಟ್ಟಿತು. ಬಿಜಾಪುರದ ಸಿಂಹಾಸನ 1686ರಲ್ಲಿ ಔರಂಗಜೇಬನ ಕೈಗೆ ಬಿತ್ತು. ಮುದಗಲ್ಲಿನ ವಿಶ್ವಾಸಿಗಳು ಉಳಿದರು. ಸುಲ್ತಾನರು ಹೋದರು, ಮೊಘಲರು, ಮರಾಠರು, ನಿಜಾಮರು, ಇಂಗ್ಲಿಷರು ಬಂದು ಹೋದರು. ಮಗುವಿನ ತಲೆಯ ಮೇಲೆ ಸುರಿದ ನೀರು ತಲೆಮಾರಿನಿಂದ ತಲೆಮಾರಿಗೆ ಹರಿದು ಬಂತು. ಮುಂದೆ 2005ರ ಜೂನ್ 24ರಂದು, ಸ್ನಾನಿಕ ಯೊವಾನ್ನರ ಜನನದ ಹಬ್ಬದ ದಿನ, ಗುಲ್ಬರ್ಗಾ ಧರ್ಮಕ್ಷೇತ್ರ ಸ್ಥಾಪನೆಯಾಗಿ ನಮ್ಮ ಜಿಲ್ಲೆ ಅದಕ್ಕೆ ಸೇರಿತು. ನೀರಿನಲ್ಲಿ ದೀಕ್ಷೆ ಕೊಟ್ಟ ಆ ಪ್ರವಾದಿಯ ಹುಟ್ಟುಹಬ್ಬದಂದು ಹುಟ್ಟಿದ ಧರ್ಮಕ್ಷೇತ್ರ ನಮ್ಮದು. ನಗರದ ಹೆಸರು 2014ರ ನವೆಂಬರ್ 1ರಂದು ಬಿಜಾಪುರದಿಂದ ವಿಜಯಪುರವಾಯಿತು. ಹೆಸರನ್ನು ಒಂದೇ ದಿನದಲ್ಲಿ ಬದಲಿಸಬಹುದು. ಮನಸ್ಸು ಹೊಸದಾಗಲು ಬೇಕಾಗುವ ಕಾಲ ಬೇರೆ.

ನಮ್ಮ ಬಾವಿಯ ಹೂಳು

ಇದೆಲ್ಲ ಹಳೆಯ ಕಥೆ ಎಂದು ಯಾರಾದರೂ ಅನ್ನಬಹುದು. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು! ತಮಿಳುನಾಡಿನ ಧರ್ಮಾಧ್ಯಕ್ಷರು 2003ರಲ್ಲಿ ರೋಮ್‌ಗೆ ಹೋದಾಗ ಪೋಪ್ ಎರಡನೇ ಜಾನ್ ಪಾಲರು ಅವರಿಗೆ ಜಾತಿಯ ವಿಷಯದಲ್ಲಿ ಕಟ್ಟುನಿಟ್ಟಾದ ಮಾತು ಹೇಳಿದರು. ಕ್ರೈಸ್ತರ ನಡುವಿನ ಜಾತಿಭೇದ ಶುಭಸಂದೇಶದ ಕಾರ್ಯಕ್ಕೇ ಅಡ್ಡಿ ಎಂಬುದು ಅದರ ತಿರುಳು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್‌ನಲ್ಲಿ ದಲಿತ ಕ್ರೈಸ್ತರ ಸಬಲೀಕರಣದ ನೀತಿಯನ್ನು ಪ್ರಕಟಿಸಿತು. ಧರ್ಮಸಭೆಯ ಒಳಗೇ ಅಸ್ಪೃಶ್ಯತೆ ಮತ್ತು ಭೇದಭಾವ ಇದೆ ಎಂಬುದನ್ನು ಅದರಲ್ಲಿ ಒಪ್ಪಿಕೊಂಡಿತು. 1950ರ ರಾಷ್ಟ್ರಪತಿಗಳ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಸೌಲಭ್ಯಗಳಿಂದ ದಲಿತ ಕ್ರೈಸ್ತರು ಹೊರಗುಳಿದಿದ್ದಾರೆ. ಕ್ರೈಸ್ತರಾದ ಮೇಲೆ ನಿಮಗೆ ಜಾತಿ ಎಲ್ಲಿಯದು ಎಂದು ಅವರನ್ನು ಕೇಳುವವರಿದ್ದಾರೆ. ಅದೇ ದಲಿತ ಕ್ರೈಸ್ತರು ಹೆಣ್ಣು ಕೇಳಲು ಹೋದರೆ, ನಿಮ್ಮ ಜಾತಿ ಯಾವುದು ಎಂದು ಕೇಳುವವರು ನಮ್ಮವರೇ. ಎರಡು ಕಡೆಯಿಂದಲೂ ಬಾಗಿಲು ಮುಚ್ಚಿದರೆ ಅವರು ಹೋಗುವುದಾದರೂ ಎಲ್ಲಿಗೆ?

ನಮ್ಮ ಭಾಗದ ಧರ್ಮಕೇಂದ್ರಗಳಲ್ಲಿ ಎಲ್ಲ ಬಗೆಯ ಜನರಿದ್ದಾರೆ. ಉದ್ಯೋಗಕ್ಕಾಗಿ ಕರಾವಳಿಯಿಂದ ಬಂದ ಕೊಂಕಣಿ ಕುಟುಂಬಗಳಿವೆ. ಗೋವೆಯ ಮೂಲದವರು, ತೆಲುಗು, ತಮಿಳು, ಮಲಯಾಳ ಮನೆಮಾತಿನವರು, ಇದೇ ಮಣ್ಣಿನ ಕನ್ನಡಿಗರು ಇದ್ದಾರೆ. ತಲೆತಲಾಂತರದಿಂದ ಕ್ರೈಸ್ತರಾದವರೂ ಇದ್ದಾರೆ, ಇತ್ತೀಚೆಗೆ ಸ್ನಾನದೀಕ್ಷೆ ಪಡೆದವರೂ ಇದ್ದಾರೆ. ಇದು ದೇವರ ವರ. ಆದರೆ ಹಬ್ಬದ ಊಟದಲ್ಲಿ ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ? ಗಾನವೃಂದದಲ್ಲಿ, ಪಾಲನಾ ಸಮಿತಿಯಲ್ಲಿ ಯಾರ ಹೆಸರು ಎಂದೂ ಬರುವುದಿಲ್ಲ? ಇಪ್ಪತ್ತು ವರ್ಷಗಳಿಂದ ಪ್ರತಿ ಭಾನುವಾರ ಬಲಿಪೂಜೆಗೆ ಬರುವವರನ್ನು ನಾವು ಇನ್ನೂ 'ಹೊಸ ಕ್ರೈಸ್ತರು' ಎಂದು ಏಕೆ ಕರೆಯುತ್ತೇವೆ? ಸ್ನಾನದೀಕ್ಷೆಯ ಲೆಕ್ಕದಲ್ಲಿ ಹಳಬರು ಹೊಸಬರು ಎಂಬುದಿಲ್ಲ. ನಿನ್ನೆ ರಾತ್ರಿ ನೀರಿಗೆ ಇಳಿದವನೂ ನೂರು ತಲೆಮಾರಿನ ಕ್ರೈಸ್ತನೂ ಒಂದೇ ತಾಯಿಯ ಮಕ್ಕಳು. ಆ ತಾಯಿ ಧರ್ಮಸಭೆ, ಆಕೆಯ ಗರ್ಭ ಆ ನೀರು.

ಹೂಳನ್ನು ತೆಗೆಯುವುದು ಸುಲಭವಲ್ಲ. ತಾಜ್ ಬಾವಡಿಯ ದಡದಲ್ಲಿ ನಿಂತು ನೋಡಿದರೆ ಹೂಳು ಹೋಗಲಿಲ್ಲ. ಅದಕ್ಕೆ ಜನ ಕೆಳಕ್ಕೆ ಇಳಿಯಬೇಕಾಯಿತು, ಕೆಸರಿನಲ್ಲಿ ನಿಲ್ಲಬೇಕಾಯಿತು. ನಾವೂ ಇಳಿಯಬೇಕು. ತಪಸ್ಸುಕಾಲದ ಪಾಪನಿವೇದನೆ ಹಾಗೆ ಇಳಿಯುವ ಮೆಟ್ಟಿಲು. ಸುಳ್ಳು, ಕೋಪ, ಪೂಜೆ ತಪ್ಪಿಸಿದ್ದು ಎಲ್ಲವನ್ನೂ ನಾವು ನಿವೇದಿಸುತ್ತೇವೆ. ಇನ್ನೊಬ್ಬರ ಹುಟ್ಟನ್ನು ಹೀನವಾಗಿ ಕಂಡೆ ಎಂದು ನಿವೇದಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಪಾಸ್ಖ ರಾತ್ರಿ ನಾವು ತ್ಯಜಿಸುತ್ತೇವೆ ಎಂದು ಹೇಳುವ ಪಾಪಗಳಲ್ಲಿ ಅದೂ ಸೇರಿದೆ.

ಮನೆಯಲ್ಲಿ ಮಾಡಬಹುದಾದ ಕೆಲವು ಕೆಲಸಗಳಿವೆ. ಮಕ್ಕಳ ಹುಟ್ಟಿದ ದಿನಕ್ಕೆ ಕೇಕ್ ಕತ್ತರಿಸುವ ನಾವು ಅವರ ಸ್ನಾನದೀಕ್ಷೆಯ ದಿನವನ್ನು ಧರ್ಮಕೇಂದ್ರದ ದಾಖಲೆಯಲ್ಲಿ ನೋಡಿ ಬರೆದಿಟ್ಟುಕೊಳ್ಳೋಣ. ಆ ದಿನ ಅವರ ಕೈಗೆ ಒಂದು ಮೊಂಬತ್ತಿ ಕೊಟ್ಟು, ಮನೆಮಂದಿಯೆಲ್ಲ ಸೇರಿ ವಿಶ್ವಾಸ ಸಂಗ್ರಹವನ್ನು ಹೇಳೋಣ. ಜ್ಞಾನತಂದೆ ಜ್ಞಾನತಾಯಿಯರನ್ನು ಆರಿಸುವಾಗ ನಂಟರಿಷ್ಟರ ಬಳಗದಾಚೆಗೂ ನೋಡೋಣ. ವಿಶ್ವಾಸದಲ್ಲಿ ಗಟ್ಟಿಯಾದ ಬೇರೆ ಭಾಷೆಯ, ಬೇರೆ ಮೂಲದ ದಂಪತಿಗಳು ನಮ್ಮ ಮಗುವಿನ ಜ್ಞಾನಪೋಷಕರಾದರೆ ಎರಡು ಮನೆಗಳು ಒಂದಾಗುತ್ತವೆ. ಮಕ್ಕಳ ಮದುವೆಯ ಮಾತು ಬಂದಾಗ ಹುಡುಗನ ನಡತೆಯನ್ನು, ಹುಡುಗಿಯ ಗುಣವನ್ನು, ಇಬ್ಬರ ವಿಶ್ವಾಸವನ್ನು ಮೊದಲು ಕೇಳೋಣ. ಶರಣರ ಕಾಲದಲ್ಲಿ ಪರೀಕ್ಷೆ ಬಂದದ್ದು ಮದುವೆಯಲ್ಲಿ. ನಮ್ಮ ಕಾಲದಲ್ಲಿಯೂ ಅದು ಅಲ್ಲಿಯೇ ಬರುತ್ತದೆ.

ನಮ್ಮ ಹಿರಿಯರು ಸ್ನಾನದೀಕ್ಷೆಯನ್ನು 'ಜ್ಞಾನಸ್ನಾನ' ಎನ್ನುತ್ತಿದ್ದರು. ಹಳ್ಳಿಗಳಲ್ಲಿ ಇಂದಿಗೂ ಆ ಮಾತು ಕೇಳಿಬರುತ್ತದೆ. ಅದು ಎಷ್ಟು ಒಳ್ಳೆಯ ಹೆಸರು! ಮೈಗೆ ನೀರ ಸ್ನಾನವಾದರೆ, ಅರಿವಿಗೂ ಸ್ನಾನವಾಗಬೇಕು. ಮೈ ಮಾತ್ರ ಒದ್ದೆಯಾಗಿ ಅರಿವು ಒಣಗಿಯೇ ಉಳಿದರೆ ನಾವು ಬಾವಿಯ ದಂಡೆಯ ಮೇಲೆ ಬಾಯಾರಿ ಕೂತವರಂತೆ.

ನಿಕೊದೇಮನ ಕಥೆಯೂ ಆ ರಾತ್ರಿಗೇ ಮುಗಿಯಲಿಲ್ಲ. ರಾತ್ರಿಯಲ್ಲಿ ಬಂದಿದ್ದ ಆತ ಮುಂದೆ ಮುಖಂಡರ ಸಭೆಯಲ್ಲಿ ಯೇಸುಸ್ವಾಮಿಯ ಪರವಾಗಿ ಒಂದು ಮಾತು ಆಡಿದ. ಕಡೆಗೆ ಶಿಲುಬೆಯಿಂದ ಇಳಿಸಿದ ಸ್ವಾಮಿಯ ದೇಹಕ್ಕಾಗಿ ಸುಗಂಧದ್ರವ್ಯಗಳನ್ನು ಹೊತ್ತು ತಂದ. ಮರಣದಂಡನೆಗೆ ಗುರಿಯಾದವನ ದೇಹವನ್ನು ಮುಟ್ಟಲು, ಮನೆತನದ ಗೌರವದ ಮನುಷ್ಯ ಹಿಂಜರಿಯಲಿಲ್ಲ. ಆತನ ಹೊಸ ಹುಟ್ಟು ಒಂದೇ ರಾತ್ರಿಯಲ್ಲಿ ಆಗಲಿಲ್ಲ, ಆದರೆ ಆಯಿತು.

ಈ ಪಾಸ್ಖ ರಾತ್ರಿ ಗುರುಗಳು ಆಶೀರ್ವದಿಸಿದ ನೀರನ್ನು ಸಿಂಪಡಿಸುತ್ತಾ ನಮ್ಮ ಸಾಲಿಗೆ ಬಂದಾಗ, ಅದೇ ಪಾತ್ರೆಯ ಹನಿ ನಮ್ಮ ಪಕ್ಕದಲ್ಲಿ ನಿಂತವರ ಮೇಲೂ ಬೀಳುತ್ತದೆ ಎಂಬುದನ್ನು ಗಮನಿಸೋಣ. ಅವರ ಹೆಸರು ನಮಗೆ ತಿಳಿಯದಿದ್ದರೆ ಪೂಜೆ ಮುಗಿದ ಮೇಲೆ ಕೇಳಿ ತಿಳಿದುಕೊಳ್ಳೋಣ. ಪುನರುತ್ಥಾನಗೊಂಡ ಪ್ರಭು ನಮ್ಮೆಲ್ಲರ ಬಾವಿಗಳ ಹೂಳನ್ನು ತೆಗೆದು, ತಾವು ತೆರೆದ ಸೆಲೆಯನ್ನು ಮತ್ತೆ ಚಿಮ್ಮಿಸಲಿ. ಎಲ್ಲರಿಗೂ ಪಾಸ್ಖ ಹಬ್ಬದ ಶುಭಾಶಯಗಳು.